ತಂತಿಯ ಮೇಲಿನ ಮೂರನೆಯವನು

ಸಾಕ್ಷಾತ್ ದೇವರೇ ಎದುರಿಗೆ ಬಂದು "ಭಕ್ತಾ, ಮೆಚ್ಚಿದೆ" ಎಂದರೆ ನೀವು, ನಾನು ಏನು ಮಾಡುತ್ತೇವೆ? ದಡಕ್ಕನೆ ಕಾಲಿಗೆ ಬೀಳುತ್ತೇವೆ. ನಮ್ಮ ಭಾವ ಬೀಳುವವರಲ್ಲ! "ಅದಿರ್ಲಿ, ತಾವು ಯಾರ ಕಡೆಯೋರು? ಯಾವೂರು? ನಮ್ಮನೆ ತೋರಿಸ್ದೋರು ಯಾರು?" ಎಂದು ಮೂರು ಪ್ರಶ್ನೆ ಹಾಕುತ್ತಾರೆ. ಉತ್ತರ ಸರಿ ಕಂಡರೆ ಜಗುಲಿಯ ಮೇಲೆ ಕೂರಿಸುತ್ತಾರೆ. ಒಳಗೆ ಬಿಡುವ ಮಾತು ಆಮೇಲೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ದೊಡ್ಡಬಳ್ಳಾಪುರದಲ್ಲಿ ಸೀರೆಗಳಿಗೆ ಬಾರ್ಡರು, ಬುಟ್ಟಾ ಬರೆಯುವುದು ಅವರ ಕಸುಬು. ಗ್ರಾಫ್ ಕಾಗದದ ಮೇಲೆ ಇವರು ಒಂದೊಂದೇ ಚೌಕ ತುಂಬಿ ನವಿಲೋ ಗಿಳಿಯೋ ಬರೆಯುತ್ತಾರೆ. ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳ ಮಾಲೆಯನ್ನು ಮಗ್ಗದ ತಲೆಯ ಮೇಲೆ ಕೂತ ಜಕಾರ್ಡಿಗೆ ಹಾಕಿದರೆ ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಆ ತೂತುಗಳೇ ಹೇಳುತ್ತವೆ, ಸೀರೆಯ ಮೇಲೆ ನವಿಲು ಬಂದು ಕೂರುತ್ತದೆ. ಪಕ್ಕದ ಮನೆಯಲ್ಲಿ, ಅವರ ಗೋಡೆಗೆ ಗೋಡೆ ಅಂಟಿಸಿಕೊಂಡು ನಾಲ್ಕು ಪವರ್‌ಲೂಮ್ ಓಡಿಸುವವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಹದಿಮೂರನೇ ವಯಸ್ಸಿನಿಂದ ನನ್ನ ಅನ್ನ ನಾನೇ ದುಡಿದು ತಿಂದಿದ್ದೇನೆ. ಮಗ್ಗ ಎಲ್ಲಿ ಕೆಟ್ಟಿದೆ ಎಂದು ಬಾಗಿಲಲ್ಲೇ ನಿಂತು, ಕಿವಿಯಲ್ಲಿ ಕೇಳಿಯೇ ಹೇಳಬಲ್ಲೆ. ಆದರೆ ಭಾವನ ಪ್ರಕಾರ ನಮ್ಮ ಎರಡು ಮನೆಗೂ ಸೇರಿ ಇರುವುದು ಒಂದೇ ತಲೆ, ಅದು ಅವರದು. ಕೈಕಾಲು ನನ್ನದು.

ತಾವು ಬರೆದದ್ದನ್ನು ಜಗತ್ತೆಲ್ಲ ಕದಿಯಲು ಕಾದಿದೆ ಎಂಬುದು ಅವರ ನಂಬಿಕೆ. ಬರೆಯುವಾಗ ಯಾರಾದರೂ ಬಂದರೆ ಗ್ರಾಫ್ ಕಾಗದದ ಮೇಲೆ ಕೂತುಬಿಡುತ್ತಿದ್ದರು! ಬಂದವರು ಹೋಗುವ ತನಕ ಏಳುತ್ತಿರಲಿಲ್ಲ. ಒಮ್ಮೆ ನಮ್ಮ ಸೋದರತ್ತೆ ಜಡಿಗೇನಹಳ್ಳಿಯಿಂದ ಬಂದು ಬೆಳಗಿನಿಂದ ಸಂಜೆಯವರೆಗೆ ಕೂತರು. ಭಾವ ಊಟಕ್ಕೂ ಏಳಲಿಲ್ಲ. "ಅಳಿಯಂದ್ರಿಗೆ ಕಾಲು ಸ್ವಾಧೀನ ಇಲ್ವೇನವ್ವಾ? ಮೊದ್ಲೇ ಹೇಳಬಾರ್ದಿತ್ತಾ?" ಎಂದು ಅತ್ತೆ ಅಕ್ಕನ ಕೈ ಹಿಡಿದು ಅತ್ತು ಹೋದರು.

ಹಾಗಂತ ಭಾವ ಬೇರೆಯವರದ್ದನ್ನು ಕಣ್ಣೆತ್ತಿ ನೋಡದ ಸನ್ಯಾಸಿಯೇ? ಎಲ್ಲಿ ಬಂತು! ದೇವನಹಳ್ಳಿ ಆಚೆಯ ವಿಜಯಪುರದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸಿನ ಸೆರಗಿನ ಮೇಲೆ ಹಂಸ ಇತ್ತು. ಭಾವ ಜೇಬಿನಿಂದ ಭೂತಗನ್ನಡಿ ತೆಗೆದರು. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು. ಎಳೆ ಎಣಿಸತೊಡಗಿದರು! ಆಮೇಲಿನದನ್ನು ವಿವರಿಸಬೇಕೆ? ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಆ ಮದುವೆಯಲ್ಲಿ ಒಮ್ಮತಕ್ಕೆ ಬಂದದ್ದು ಆ ವಿಷಯದಲ್ಲಿ ಮಾತ್ರ. ನಾನು ಅಡ್ಡ ಹೋಗಿ, ನನ್ನ ಬೆನ್ನಿಗೂ ನಾಲ್ಕು ಬಿದ್ದು, ಹೇಗೋ ಎಳೆದುಕೊಂಡು ಬಂದು ಬಸ್ಸು ಹತ್ತಿಸಿದೆ. ದೇವನಹಳ್ಳಿ ದಾಟುವವರೆಗೂ ಸುಮ್ಮನಿದ್ದ ಭಾವ ಕೊನೆಗೆ ಬಾಯಿ ಬಿಟ್ಟರು. "ಐವತ್ತೆಂಟರ ತಂಕ ಬಂದಿತ್ತು ಕಣಯ್ಯಾ. ಇನ್ನೆರಡು ಎಳೆ ಬಿಟ್ಟಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು?"

ಇಂಥ ಭಾವ ತೊಂಬತ್ತರ ದಶಕದ ಕೊನೆಗೆ ಇದ್ದಕ್ಕಿದ್ದಂತೆ ಗ್ರಾಫ್ ಕಾಗದ ಬಿಟ್ಟು ಎರಡು ಕಂಪ್ಯೂಟರ್ ತಂದರು. ಬೀದಿಯ ಜನ ಬಂದು ನೋಡಿಕೊಂಡು ಹೋದರು, ಬಾಗಿಲಿನಿಂದಲೇ. ಒಂದನ್ನು ಒಳಕೋಣೆಯಲ್ಲಿ ಇಟ್ಟು ಬೀಗ ಹಾಕಿದರು. ಡಿಸೈನ್ ಬರೆಯುವುದು ಅದರಲ್ಲಿ. ಇನ್ನೊಂದು ನಡುಮನೆಯಲ್ಲಿ, ವ್ಯಾಪಾರಿಗಳಿಗೆ ಬಣ್ಣ ತೋರಿಸಲು. ಎರಡಕ್ಕೂ ನಡುವೆ ಕರಿ ತಂತಿ. ಕೋಣೆಗೆ ಏಸಿ. ಚಪ್ಪಲಿ ಹೊರಗೆ. ಎಲೆ ಅಡಿಕೆ ಹಾಕಿಕೊಂಡವರಿಗೆ ಪ್ರವೇಶವಿಲ್ಲ. ನಮ್ಮ ಕುಲದೇವರಿಗೂ ಇಷ್ಟು ಮಡಿ ಇರಲಿಲ್ಲ.

ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ಕು "ಎರಡಕ್ಕೂ ಒಂದೊಂದು ಹೆಸರು ಕೊಡಬೇಕು ಸಾರ್" ಎಂದದ್ದೇ ತಪ್ಪಾಯಿತು. ಭಾವ ಪುರೋಹಿತರನ್ನು ಕರೆಸಿದರು! ನಮ್ಮ ಸುತ್ತಿನ ಎರಡು ಕ್ಷೇತ್ರಗಳ ಹೆಸರು ಹಿಡಿದು ಒಳಗಿನದಕ್ಕೆ 'ಘಾಟಿ', ನಡುಮನೆಯದಕ್ಕೆ 'ಶಿವಗಂಗೆ' ಎಂದು ನಾಮಕರಣವಾಯಿತು. ಹೆಸರನ್ನು ಕಿವಿಯಲ್ಲಿ ಮೂರು ಸಲ ಹೇಳಬೇಕಲ್ಲ, ಕಂಪ್ಯೂಟರಿಗೆ ಕಿವಿ ಯಾವುದು? ಪುರೋಹಿತರು ಮೆಕ್ಯಾನಿಕ್ಕಿನ ಮುಖ ನೋಡಿದರು. ಮೆಕ್ಯಾನಿಕ್ಕು ನನ್ನ ಮುಖ ನೋಡಿದ. ಕೊನೆಗೆ ಫ್ಲಾಪಿ ಹಾಕುವ ಸಂದಿಯಲ್ಲಿ ಉಸುರಿದ್ದಾಯಿತು.

ಕೆಲವು ತಿಂಗಳ ಮೇಲೆ ಕಾರ್ಡಿಗೆ ತೂತು ಹೊಡೆಯುವ ಮಿಷನ್ನು ಬಂತು. ಹಸಿರು ಬಣ್ಣದ, ಬೀರುವಿನಷ್ಟು ದೊಡ್ಡ ಡಬ್ಬ. ಮುಂದೆ ಎರಡು ಬಟನ್ನು, ಒಂದು ಕೆಂಪು ದೀಪ. ಹೊರ ರಾಜ್ಯದಿಂದ ಬಂದ ಇಬ್ಬರು ಹಿತ್ತಿಲ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿ, ಅದೇ ಕರಿ ತಂತಿಯನ್ನು ಅಲ್ಲಿಯವರೆಗೂ ಎಳೆದು, ಹಿಂದಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ನಾವು ಬಹಳ ಹೊತ್ತು ತಲೆಯಾಡಿಸಿದೆವು. ಜೊತೆಗೆ ಬಂದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಭಾವ ಪ್ಲಾಸ್ಟಿಕ್ಕೂ ಬಿಚ್ಚದೆ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದರು. ಮಿಷನ್ನಿಗೆ ಮಾತ್ರ ಆ ಮರ್ಯಾದೆಯಿಲ್ಲ. ಅದು ಶೆಡ್ಡಿನ ಧೂಳಿನಲ್ಲಿ ಟಕಟಕ ಎಂದು ದುಡಿಯುತ್ತಿತ್ತು. ಕಾರ್ಡು ಸಿಕ್ಕಿಕೊಂಡರೆ ಭಾವ ಚಪ್ಪಲಿ ಕಾಲಲ್ಲಿ ಒಂದು ಒದೆಯುತ್ತಿದ್ದರು. ಅದಕ್ಕೂ ಸರಿಹೋಗದಿದ್ದರೆ ನನ್ನನ್ನು ಕೂಗುತ್ತಿದ್ದರು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಸೀರೆಗಳಿಗೆಂದು ಭಾವ ಒಂದು ನವಿಲಿನ ಬಾರ್ಡರ್ ಬರೆಯುತ್ತಿದ್ದರು. ಐದು ತಿಂಗಳಾದರೂ ಮುಗಿದಿರಲಿಲ್ಲ. ಯಾರಿಗೂ ತೋರಿಸಿರಲಿಲ್ಲ. ಹೀಗಿರುವಾಗ ಮೆಕ್ಯಾನಿಕ್ಕು ಏನೋ ರಿಪೇರಿಗೆ ಬಂದವನು, "ನೋಡಿ ಸಾರ್, ಇದನ್ನ ಒತ್ತಿದ್ರೆ ನಿಮ್ಮ ತಂತಿ ಮೇಲೆ ಯಾರ್ಯಾರಿದಾರೆ ಅಂತ ಹೆಸರು ಬರುತ್ತೆ" ಎಂದು ತೋರಿಸಿಕೊಟ್ಟು ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಅವನು ಹೋದ ಮೇಲೆ ಭಾವ ಪರದೆಗೆ ಮೂಗು ತಾಗಿಸಿಕೊಂಡು ಓದಿದರು. ಘಾಟಿ. ಶಿವಗಂಗೆ. ಅದರ ಕೆಳಗೆ ಇನ್ನೊಂದು! ಎ, ಸೆವೆನ್, ನೈನ್, ಎಕ್ಸ್, ಆಮೇಲೆ ಇನ್ನೇನೋ ಅಂಕಿ.

ಟೆಲಿಫೋನಿನಲ್ಲಿ ಮೆಕ್ಯಾನಿಕ್ಕನ್ನು ಹಿಡಿದರು. "ಮೂರನೇದು ಅಂದ್ರೆ ನಿಮ್ಮನೇಲಿ ಇನ್ನೊಂದು ಕಂಪ್ಯೂಟರ್ ಇದೆ ಸಾರ್" ಎಂದ ಅವನು.

"ನಮ್ಮನೇಲಿರೋದು ಎರಡೇ ಕಣಯ್ಯಾ! ನಾಮಕರಣ ನೀನೇ ನೋಡಿದೀಯ!"

"ಹಂಗಾದ್ರೆ ಯಾರೋ ಸೇರ್ಕೊಂಡಿರಬೇಕು."

ಅಷ್ಟು ಸಾಕಾಯಿತು. ತಂತಿಯ ಮೇಲೆ ಕಳ್ಳ ಕೂತಿದ್ದಾನೆ, ನವಿಲನ್ನು ಗರಿ ಗರಿಯಾಗಿ ಎಳೆದುಕೊಳ್ಳುತ್ತಿದ್ದಾನೆ!

"ಯಾರ ಕಡೆಯೋನು ಇವನು?" ಭಾವನ ಮೊದಲ ಪ್ರಶ್ನೆ ಅದೇ. ಕಂಪ್ಯೂಟರಿಗೂ ಒಂದು ಕಡೆ ಇರಲೇಬೇಕಲ್ಲ! ಆ ಇಂಗ್ಲಿಷ್ ಅಕ್ಷರ, ಅಂಕಿ ನೋಡಿದರೆ ಸ್ಕೂಟರಿನ ನಂಬರಿದ್ದ ಹಾಗಿದೆ ಎಂದು ಅವರಿಗೆ ಹೊಳೆಯಿತು. ಚೀಟಿಯಲ್ಲಿ ಬರೆದುಕೊಂಡು ಎರಡು ದಿನ ಬಸ್ ಸ್ಟ್ಯಾಂಡಿನಿಂದ ಪೇಟೆಯವರೆಗೆ ನಿಂತ ಗಾಡಿಗಳ ಹಿಂದೆಲ್ಲ ಬಗ್ಗಿ ನೋಡಿದರು. ಮೂರನೇ ದಿನ ಪೊಲೀಸಿನವರೊಬ್ಬರು ಬಂದು ಅವರನ್ನೇ ಕೇಳಿದರಂತೆ, "ಯಜಮಾನ್ರೇ, ತಾವು ಯಾರ ಕಡೆಯೋರು?"

ಆಮೇಲೆ ನಾನು ಒಂದು ಉಪಾಯ ಹೇಳಿದೆ. ಜಕಾರ್ಡಿನಲ್ಲಿ ಎಲ್ಲಿ ತಪ್ಪಾಗಿದೆ ಎಂದು ಹುಡುಕುವಾಗ ನಾವು ಮೇಲಿನ ಕೊಕ್ಕೆಗಳನ್ನು ಒಂದೊಂದಾಗಿ ಎಳೆಯುತ್ತೇವೆ. ಎಳೆದಾಗ ಕೆಳಗೆ ಯಾವ ಎಳೆ ಏಳುತ್ತದೋ ಅದು ಅದರದ್ದು. "ಹಂಗೇ ತಂತಿಯ ಒಂದೊಂದು ಗಂಟು ಬಿಚ್ಚೋಣ ಭಾವ. ಯಾವ ಗಂಟು ಬಿಚ್ಚಿದಾಗ ಅವನ ಹೆಸರು ಹೋಗುತ್ತೋ ಅಲ್ಲಿ ಕೂತಿದಾನೆ." ಭಾವನಿಗೂ ಹಿಡಿಸಿತು. ಅವರು ಪರದೆಯ ಮುಂದೆ, ನಾನು ನಡುಮನೆಯಲ್ಲಿ. ಒಂದು ಗಂಟು ಬಿಚ್ಚಿದೆ. ಆ ತಂತಿಯ ಧರ್ಮ ನಮಗೇನು ಗೊತ್ತು? ಅದನ್ನು ಎಲ್ಲಿ ಬಿಚ್ಚಿದರೂ ಎಲ್ಲರೂ ಒಟ್ಟಿಗೆ ಮಾಯವಾಗುತ್ತಾರೆ!

"ಅಯ್ಯೋ, ಶಿವಗಂಗೆ ಹೋಯ್ತಲ್ಲೋ! ಘಾಟೀನೂ ಹೋಯ್ತಲ್ಲಪ್ಪಾ!" ಎಂದು ಭಾವ ಎದೆ ಬಡಿದುಕೊಂಡು ಕೂಗಿದ್ದು ಬೀದಿಗೆಲ್ಲ ಕೇಳಿತು. ಐದೇ ನಿಮಿಷ. ಹಿಂದಿನ ಬೀದಿಯಿಂದ ಇಬ್ಬರು ಹಿರಿಯರು ಹೆಗಲಿಗೆ ಟವೆಲು ಹಾಕಿಕೊಂಡು, ಮೆಲ್ಲಗೆ ಬಾಗಿಲಿಗೆ ಬಂದು, "ಎಷ್ಟೊತ್ತಿಗಂತೆ ಎತ್ತೋದು?" ಎಂದರು.

ಅಂದಿನಿಂದ ಭಾವ ನನ್ನ ಉಪಾಯಗಳನ್ನು ಕೇಳುವುದು ಬಿಟ್ಟು ತಾವೇ ಪತ್ತೇದಾರರಾದರು. ಒಂದು ನೋಟ್‌ಬುಕ್ಕು ಹಿಡಿದು, ಮೂರನೆಯವನು ಬರುವ ಹೊತ್ತು, ಹೋಗುವ ಹೊತ್ತು ಬರೆದರು. ಅವನು ಬರುವುದು ಬೇಗ, ಹೋಗುವುದು ನಿಧಾನ. ನಮ್ಮ ನೆಂಟರ ಹಾಗೆ. "ಬರ್ತೀವಿ" ಎಂದು ಎದ್ದ ಮೇಲೂ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಲ್ಲುವ ಜಾತಿ! ಹದಿನಾಲ್ಕು ದಿನ ಬರೆದು, ಹದಿನೈದನೇ ದಿನ ನನ್ನನ್ನು ಕರೆದರು.

"ಲೇ, ಇಲ್ಲಿ ನೋಡಯ್ಯ. ನಿನ್ನ ಮಗ್ಗ ಶುರುವಾದ ಎರಡು ನಿಮಿಷಕ್ಕೆ ಅವನು ಬರ್ತಾನೆ. ಮಗ್ಗ ನಿಂತ ಮೇಲೆ ಹೋಗ್ತಾನೆ. ದಿನಾ ಹಿಂಗೇ. ಏನಂತೀಯ?"

"ತ್ರೀ ಫೇಸ್ ಕರೆಂಟ್ ಬಂದಾಗ ಊರಿನ ಮಗ್ಗ ಎಲ್ಲಾ ಓಡುತ್ತೆ ಭಾವ. ಊರೋರೆಲ್ಲಾ ಕಳ್ಳರಾ?"

"ಊರೋರ ಗೋಡೆ ನನ್ನ ಗೋಡೆಗೆ ಅಂಟ್ಕೊಂಡಿಲ್ಲ. ನಿಂದೊಂದೇ."

"ನಂಗೆ ಅದನ್ನ ಆನ್ ಮಾಡೋಕೂ ಬರಲ್ಲ!"

"ಹಂಗಂತ ನೀನು ಹೇಳ್ತೀಯ. ಹೋದ ತಿಂಗಳು ಕಲರ್ ಟೀವಿ ತಂದ್ಯಲ್ಲ, ಅದನ್ನ ಯಾಕೆ ಮುಚ್ಚಿಡ್ತೀಯ?"

ಎಲ್ಲಿ ಮುಚ್ಚಿಟ್ಟಿದ್ದೆ? ನನ್ನ ಹೆಂಡತಿ ಧೂಳು ಕೂರಬಾರದೆಂದು ಅದಕ್ಕೆ ಹೂವಿನ ಬಟ್ಟೆ ಹೊದಿಸಿದ್ದಳು!

ನಿಜ ಹೇಳಬೇಕೆಂದರೆ, ಮನೆಗೆ ಬರುವಷ್ಟರಲ್ಲಿ ನನಗೆ ಕೋಪದ ಜೊತೆ ಒಂದು ಚೂರು ಹೆಮ್ಮೆಯೂ ಬಂದಿತ್ತು. ಏಳನೇ ಕ್ಲಾಸಿನವನು ಗೋಡೆ ತೂರಿ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಬಲ್ಲ ಎಂದು ಜೀವಮಾನದಲ್ಲಿ ಒಬ್ಬರಾದರೂ ನಂಬಿದ್ದಾರಲ್ಲ! ಹೆಂಡತಿಗೆ ಹೇಳಿದೆ. "ಹೌದಾ? ಮೊದ್ಲು ಆ ಟೀವಿಗೆ ಎರಡನೇ ಚಾನೆಲ್ಲು ಹಿಡಿಸಿ ನೋಡೋಣ" ಎಂದಳು.

ಆದರೆ ಮಾರನೆಯ ದಿನ ಭಾವ ಅಕ್ಕನ ಕೈಲಿ ಒಂದು ಮಾತು ಹೇಳಿಕಳಿಸಿದರು: ಈ ಸಲದ ನವಿಲು ನನ್ನ ಮಗ್ಗಕ್ಕಿಲ್ಲ. ಅಲ್ಲಿಗೆ ನಗು ಹೋಯಿತು. ಅವರು ಹೊಸದಾಗಿ ಏನೇ ಬರೆಯಲಿ, ಅದರ ಮೊದಲ ಸೀರೆ ನನ್ನ ಮಗ್ಗದ ಮೇಲೆ ನೇಯ್ದು, ಅಕ್ಕ ಅದನ್ನುಟ್ಟು ದೇವರಿಗೆ ದೀಪ ಹಚ್ಚಿದ ಮೇಲೇ ಪೇಟೆಗೆ ಹೋಗುತ್ತಿತ್ತು. ಹದಿನೆಂಟು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಕೆಲಸ ಬೇಕಾದರೆ ನನಗೆ ಬೇರೆಯವರೂ ಕೊಡುತ್ತಾರೆ. ಕಳ್ಳ ಎಂದು ಕೆಲಸ ಕಿತ್ತುಕೊಂಡರೆ? ನಾನು ಆ ಮನೆ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ನಾಲ್ಕೂ ಮಗ್ಗಗಳನ್ನು ಪೂರಾ ಮೂರು ದಿನ ನಿಲ್ಲಿಸಿದೆ. ಈಗ ಬರಲಿ ನಿಮ್ಮ ಕಳ್ಳ, ನೋಡೋಣ!

ಬಂದ. ದಿನಾ ಬಂದ. ಭಾವ ಏನು ಮಾಡಿದರು ಗೊತ್ತೇ? ನೋಟ್‌ಬುಕ್ಕಿನಲ್ಲಿ ಬರೆದರು: "ಈಗ ಸದ್ದಿಲ್ಲದೆ ಮಾಡುತ್ತಿದ್ದಾನೆ."

ಮೂರನೇ ದಿನ ಅಕ್ಕ ಹಿತ್ತಿಲ ಕಡೆಯಿಂದ ಬಂದಳು. "ಲೇ, ತೂತು ಮಿಷನ್ನು ಕಚ್ಕೊಂಡಿದೆ ಕಣೋ. ಬಾ."

"ನಿಮ್ಮ ಯಜಮಾನ್ರಿಗೆ ಹೇಳು. ತಲೆ ಇರೋದು ಅವರಿಗೆ."

"ಅವರು ಒದ್ದು ಕಾಲುಳುಕಿಸ್ಕೊಂಡು ಕೂತಿದಾರೆ. ನಿನ್ನ ಕೋಪ ಮನುಷ್ಯರ ಮೇಲೆ, ಮಿಷನ್ ಮೇಲಲ್ಲ. ಬಾರೋ!"

ನಿಂತ ಮಿಷನ್ನು ಕಂಡರೆ ನನ್ನ ಕೈ ಕೇಳುವುದಿಲ್ಲ. ಹಿತ್ತಿಲಿನಿಂದಲೇ ಹೋಗಿ, ಮೇನ್ ಆಫ್ ಮಾಡಿ, ಪಕ್ಕದ ತಗಡು ಬಿಚ್ಚಿ ಕೂತೆ. ಹರಿದ ರಟ್ಟು ಕಿತ್ತು, ಸೂಜಿಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸುವಷ್ಟರಲ್ಲಿ ಒಂದು ಗಂಟೆ ಮೀರಿತು. ಒಳಕೋಣೆಯಿಂದ ಭಾವನ ಕೂಗು ಕೇಳಿತು. "ಹೋದ ಕಣೇ! ಕಳ್ಳ ಹೋದ! ಇವನು ಇಲ್ಲಿಗೆ ಬಂದ ನೋಡು, ಅಲ್ಲಿ ನಡೆಸೋರಿಲ್ಲ. ನಾನು ಹೇಳ್ಲಿಲ್ವಾ?"

ಹಲ್ಲು ಕಚ್ಚಿಕೊಂಡು ಮೇನ್ ಹಾಕಿದೆ. ಕೆಂಪು ದೀಪ ಹತ್ತಿತು. ಮಿಷನ್ನು ಗೊರ್ ಎಂದಿತು. ಒಂದೆರಡು ನಿಮಿಷ.

"ಬಂದ! ಬಂದ ಕಣೇ!" ಆಮೇಲೆ ಕುರ್ಚಿ ಸರಿದ ಸದ್ದು. "ಅಲ್ಲಾ, ಇವನು ಇನ್ನೂ ಶೆಡ್ಡಲ್ಲೇ ಇದಾನಲ್ವೇನೇ?"

ನನ್ನ ಕೈ ಅಲ್ಲೇ ನಿಂತಿತು. ಬಿಚ್ಚಿದ ತಗಡಿನೊಳಗೆ ಬಗ್ಗಿ ನೋಡಿದೆ. ಬೆಂಗಳೂರಿನ ಮೆಕ್ಯಾನಿಕ್ಕು ಘಾಟಿಯನ್ನು ಬಿಚ್ಚಿದಾಗ ಬಾಗಿಲಿನಿಂದ ಏನೇನು ಕಂಡಿದ್ದೆನೋ ಅದೆಲ್ಲ ಇಲ್ಲೂ ಇತ್ತು. ಅದೇ ಹಸಿರು ಹಲಗೆ, ಅದೇ ಸಣ್ಣ ಫ್ಯಾನು, ಹಿಂದೆ ಅದೇ ಕರಿ ತಂತಿಯ ಗಂಟು. ಘಾಟಿಯ ಒಡಹುಟ್ಟಿದವನು ಈ ಬೀರುವಿನ ಹೊಟ್ಟೆಯೊಳಗೆ ಧೂಳು ಕುಡಿಯುತ್ತ ಕೂತಿದ್ದ! ತ್ರೀ ಫೇಸ್ ಬೇಕಾದದ್ದು ನನ್ನ ಮಗ್ಗಕ್ಕೆ ಮಾತ್ರವೇ? ಇದಕ್ಕೂ ಬೇಕಲ್ಲ!

"ಭಾವ, ನಿಮ್ಮ ಕಳ್ಳನ್ನ ಹಿಡ್ದಿದೀನಿ. ಬನ್ನಿ, ಯಾರ ಕಡೆಯೋನು ಅಂತ ನೀವೇ ಕೇಳಿ."

ಕುಂಟುತ್ತ ಬಂದರು. ಬಗ್ಗಿ ನೋಡಿದರು. "ಇದು ಕಂಪ್ಯೂಟರ್ರಾ? ಟೀವಿ ಎಲ್ಲಿದೆ?"

"ಇದಕ್ಕೆ ಟೀವಿ ಬೇಡ ಭಾವ. ನೋಡ್ಕೊಂಡು ಕೂರೋಕೆ ಪುರುಸೊತ್ತೆಲ್ಲಿದೆ? ಇದು ಕೆಲಸ ಮಾಡುತ್ತೆ."

ಅಕ್ಕ ದೇವರ ಮನೆಯಿಂದ ಆ ದಪ್ಪ ಪುಸ್ತಕ ತಂದು ಪ್ಲಾಸ್ಟಿಕ್ಕು ಹರಿದಳು. ಕುಂಕುಮ ಮೆತ್ತಿದ ಆ ಪ್ಲಾಸ್ಟಿಕ್ಕು ಹೋದರೆ, ಮುಖಪುಟದಲ್ಲೇ ಮಿಷನ್ನಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಎ, ಸೆವೆನ್, ನೈನ್, ಎಕ್ಸ್. ದಿನಾ ಬೆಳಿಗ್ಗೆ ಭಾವ ಊದುಬತ್ತಿ ಬೆಳಗುತ್ತಿದ್ದದ್ದು ಆ ಹೆಸರಿಗೇ!

"ದಿನಾ ಒದೀತಿದ್ರಲ್ರೀ ಇದನ್ನ!" ಎಂದಳು ಅಕ್ಕ.

ಭಾವ ತಪ್ಪಾಯಿತು ಎಂದರು ಅಂದುಕೊಂಡಿರಾ? ಹಿರಿ ಭಾವ ಭಾವಮೈದುನನಿಗೆ ತಪ್ಪಾಯಿತು ಎನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಬಂದಿಲ್ಲ. ಗಂಟಲು ಸರಿಮಾಡಿಕೊಂಡು, "ಕಳ್ಳ ಮನೆಯೋನೇ ಅಂತ ನಾನು ಮೊದ್ಲಿಂದ್ಲೂ ಹೇಳ್ತಿದ್ದೆ" ಎಂದು ಹೋಗಿಬಿಟ್ಟರು. ನಾನೂ ಕೈ ತೊಳೆದುಕೊಂಡು ನನ್ನ ಮನೆಗೆ ಬಂದೆ. ಗೆದ್ದದ್ದು ನಾನೇ. ಆದರೂ ಅನ್ನ ರುಚಿಸಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಗಳಿಗೆ ಕರೆಂಟಿತ್ತು, ಮಗ್ಗದ ತ್ರೀ ಫೇಸ್ ಇನ್ನೂ ಬಂದಿರಲಿಲ್ಲ. ನಾನು ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದೆ. ಭಾವ ಬಾಗಿಲಲ್ಲಿ ನಿಂತಿದ್ದರು. "ಒಳಗೆ ಬಾ" ಎಂದರು, ಅವರ ಮನೆಗೆ. ಹೋದೆ. ಒಳಕೋಣೆಯ ಬೀಗ ತೆಗೆದು ನನ್ನನ್ನು ತಮ್ಮ ಕುರ್ಚಿಯ ಮೇಲೆ ಕೂರಿಸಿದರು. ಪರದೆಯ ತುಂಬ ನವಿಲು. ಐದು ತಿಂಗಳು ಯಾರಿಗೂ ತೋರಿಸದ ನವಿಲು. ಕೊರಳು ಎಷ್ಟು ಚೆನ್ನಾಗಿತ್ತೆಂದರೆ ಮುಟ್ಟಿ ನೋಡಲು ಕೈ ಚಾಚಿದೆ. ಕೆಳಕ್ಕೆ ಬಂದಂತೆ ಗರಿಗಳು ಹಾದಿ ತಪ್ಪಿದ್ದವು. ನೇಯುವವನ ಕಣ್ಣಿಗೆ ಅದು ಮುಚ್ಚಿಟ್ಟರೂ ಕಾಣುತ್ತದೆ.

"ಭಾವ, ಇಲ್ಲಿ ಎರಡು ಎಳೆ ಪಕ್ಕಕ್ಕೆ ಹೋಗಿದೆ."

"ಹೋಗಿದೆ ಅಂತ ಗೊತ್ತು. ಎಲ್ಲಿ ಅಂತ ಗೊತ್ತಾಗ್ತಿಲ್ಲ."

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ.

"ಕಣ್ಣು ಹೋಗ್ತಿದೆ ಕಣಯ್ಯಾ. ಕಾಗದದ ಚೌಕ ಕಾಣದಂಗಾಗಿ ವರ್ಷಗಳಾಯ್ತು. ಇದ್ರಲ್ಲಿ ದೊಡ್ದು ಮಾಡ್ಕೊಂಡು ನೋಡಬಹುದು ಅಂದ್ರು, ಅದಕ್ಕೆ ತಂದೆ. ಈಗ ದೊಡ್ದು ಮಾಡಿದ್ರೂ ಚೌಕ ಎಲ್ಲಾ ಕಲಸ್ಕೊಳ್ಳುತ್ತೆ. ನಿಮ್ಮಕ್ಕಂಗೆ ಹೇಳಿಲ್ಲ." ಪರದೆಯನ್ನು ಟವೆಲಿನಲ್ಲಿ ಒರೆಸಿ ಮತ್ತೆ ಹೇಳಿದರು. "ಬೇರೆ ಯಾವುದನ್ನ ಕದ್ದಿದ್ರೂ ಇನ್ನೊಂದು ಬರೀತಿದ್ದೆ. ಇದು ಹೋದ್ರೆ ಇನ್ನೊಂದಿಲ್ಲ ಅಂತ ಭಯ ಬಂತು."

ನನ್ನ ಕೈಗೆ ಆ ಇಲಿಯಂಥದ್ದನ್ನು ಕೊಟ್ಟರು. ಒಡೆದ ಲಾಳಿಯನ್ನೂ ಅಂಜದೆ ಹಿಡಿಯುವ ನಾನು ಅದನ್ನು ಎರಡೇ ಬೆರಳಲ್ಲಿ ಹಿಡಿದೆ. ಭಾವ ಪಕ್ಕದ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. "ಮೂರು ಬಿಡು. ಒಂದು ತುಂಬು. ಎರಡು ಬಿಡು. ಐದು ತುಂಬು." ಇಡೀ ನವಿಲು ಅವರ ತಲೆಯೊಳಗೆ ಒಂದು ಗರಿಯೂ ಕೆಡದೆ ನಿಂತಿತ್ತು. ಅವರು ಹೇಳುತ್ತ ಹೋದರು. ನಾನು ತುಂಬುತ್ತ ಹೋದೆ.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಭಾವ ಕಣ್ಣು ಬಿಟ್ಟರು.

"ನೀನು ಮಗ್ಗ ಹಾಕಲ್ವೇನಯ್ಯಾ?"

"ಇರ್ಲಿ ಭಾವ" ಎಂದೆ. "ಇನ್ನೊಂದು ಸಾಲು ಹೇಳಿ."